ಅಮ್ಮನ ಜೊತೆ ಬೆರಳಲ್ಲಿ ಮಾತಾಡಿದ ಗ್ರಹಾಂ ಬೆಲ್, ಕಿವುಡರ ಭಾಷೆಗೆ ಯಾಕೆ ಅಡ್ಡ ನಿಂತ?

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ ಕೂಡಲೇ ನಮಗೆ ನೆನಪಾಗೋದು ಟೆಲಿಫೋನ್ ಒಂದೇ. ಪ್ರೈಮರಿ ಶಾಲೆಯ ಹೊಂದಿಸಿ ಬರೆಯಿರಿ ಪ್ರಶ್ನೆಯಲ್ಲಿ ಎಡಗಡೆ ಟೆಲಿಫೋನ್, ಬಲಗಡೆ ಗ್ರಹಾಂ ಬೆಲ್, ನಡುವೆ ಗೆರೆ ಎಳೆದರೆ ಒಂದು ಅಂಕ. ಅಲ್ಲಿಗೆ ಬೆಲ್ ಕಥೆ ಮುಗೀತು. ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲೂ ನನಗೆ ಆತ ಸಿಕ್ಕಿದ್ದು ಡೆಸಿಬೆಲ್ ಅನ್ನೋ ಅಳತೆಯ ಹೆಸರಿನ ಬಾಲದಲ್ಲಿ ಮಾತ್ರ.

ಆದರೆ ಬೆಲ್ ಬದುಕಿನುದ್ದಕ್ಕೂ ತನ್ನನ್ನು ಗುರುತಿಸಿಕೊಂಡಿದ್ದು ಕಿವುಡರ ಮೇಷ್ಟ್ರು ಅಂತ. ಆತನ ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೆಂಡತಿಗೆ ಏನೂ ಕೇಳಿಸುತ್ತಿರಲಿಲ್ಲ. ಟೆಲಿಫೋನಿಗೆ ಮೊದಲು ಬಂಡವಾಳ ಹಾಕಿದ ಇಬ್ಬರೂ ಆತನ ಕಿವುಡ ವಿದ್ಯಾರ್ಥಿಗಳ ಅಪ್ಪಂದಿರು. ಬೆರಳಲ್ಲಿ ಅಕ್ಷರ ಮೂಡಿಸೋ ವಿದ್ಯೆ ಆತನಿಗೆ ಹುಡುಗನಾಗಿದ್ದಾಗಲೇ ಬರುತ್ತಿತ್ತು. ಇಷ್ಟೆಲ್ಲ ಇದ್ದೂ ಕಿವುಡ ಸಮುದಾಯದ ಬಹುಪಾಲು ಜನ ಇವತ್ತಿಗೂ ಬೆಲ್ ಹೆಸರು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಪಠ್ಯಪುಸ್ತಕ ಹೇಳದ ಈ ಅರ್ಧ ಕಥೆಯನ್ನು ಇಲ್ಲಿ ಹೇಳಬೇಕಿದೆ. ಅದು ನಮ್ಮ ಕಾಲದ, ನಮ್ಮ ಊರಿನ ಮಕ್ಕಳಿಗೂ ಸಂಬಂಧಿಸಿದ್ದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಿವುಡರು ಅನ್ನೋ ಪದವನ್ನು ಇಲ್ಲಿ ಬೇಕೆಂದೇ ಬಳಸುತ್ತಿದ್ದೇನೆ. ಶ್ರವಣದೋಷ ಅನ್ನೋದು ಆಸ್ಪತ್ರೆಯ ಪದ. ಅದರಲ್ಲಿ ಇರೋದು ದೋಷ ಮಾತ್ರ, ಜನ ಇಲ್ಲ. ನಾನು ಬರೆಯುತ್ತಿರೋದು ಜನರ ಬಗ್ಗೆ, ಅವರ ಭಾಷೆಯ ಬಗ್ಗೆ.

ಎರಡು ಕೈಗಳ ಅಕ್ಷರಮಾಲೆ

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮನೆತನದ ಕಸುಬೇ ಮಾತು. ತಾತ ಲಂಡನ್ನಿನಲ್ಲಿ ಉಚ್ಚಾರಣೆ ಕಲಿಸುವ ಮೇಷ್ಟ್ರು, ಅಪ್ಪ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಕೂಡ ಅದೇ. ಮೂರು ತಲೆಮಾರಿಗೂ ಅಲೆಕ್ಸಾಂಡರ್ ಅನ್ನೋ ಒಂದೇ ಹೆಸರು. ತನಗೂ ಒಂದು ಬೇರೆ ಹೆಸರು ಬೇಕು ಅಂತ ಹಟ ಹಿಡಿದು ಹನ್ನೊಂದನೇ ಹುಟ್ಟುಹಬ್ಬಕ್ಕೆ ನಡುವೆ ಗ್ರಹಾಂ ಸೇರಿಸಿಕೊಂಡ ಹುಡುಗ ಈತ.

ತಾಯಿ ಎಲಿಜಾ ಗ್ರೇಸ್ ಸಿಮಂಡ್ಸ್ ಚಿತ್ರ ಬರೆಯುತ್ತಿದ್ದರು, ಪಿಯಾನೋ ನುಡಿಸುತ್ತಿದ್ದರು. ಕಿವಿ ಮಾತ್ರ ಮಂದ. ಕೊಳವೆಯನ್ನು ಕಿವಿಗಿಟ್ಟುಕೊಂಡು, ಅದರೊಳಗೆ ಯಾರಾದರೂ ಜೋರಾಗಿ ಕೂಗಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಮನೆಯವರೆಲ್ಲ ಹಾಗೇ ಕೂಗುತ್ತಿದ್ದರು. ಗ್ರಹಾಂ ಮಾತ್ರ ಬೇರೆ ದಾರಿ ಹಿಡಿದ. ತಾಯಿಯ ಹಣೆಯ ಹತ್ತಿರ ಬಾಯಿ ಇಟ್ಟು, ದನಿ ತಗ್ಗಿಸಿ ಮಾತಾಡುತ್ತಿದ್ದ. ಆ ಕಂಪನ ಆಕೆಗೆ ತಿಳಿಯುತ್ತಿತ್ತು. ಮನೆಗೆ ಜನ ಬಂದು ಹರಟುವಾಗ ಪಕ್ಕದಲ್ಲಿ ಕೂತು, ಯಾರು ಏನು ಹೇಳಿದರು ಅನ್ನೋದನ್ನು ಬೆರಳಕ್ಷರದಲ್ಲಿ ಆಕೆಗೆ ಹೇಳುತ್ತಾ ಹೋಗುತ್ತಿದ್ದ.

ಈ ಬೆರಳಕ್ಷರ ಅಂದರೆ ಏನು ಅಂತ ಸ್ವಲ್ಪ ನೋಡೋಣ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಬ್ರಿಟನ್ನಿನ ಪದ್ಧತಿಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಎರಡು ಕೈಗಳ ಒಂದೊಂದು ಭಂಗಿ. ಎಡಗೈ ಹರಡಿಕೊಂಡರೆ ಐದು ಬೆರಳ ತುದಿಗಳೇ ಐದು ಸ್ವರಗಳು. ಬಲಗೈ ತೋರುಬೆರಳಿನಿಂದ ಹೆಬ್ಬೆರಳ ತುದಿ ಮುಟ್ಟಿದರೆ ಎ, ತೋರುಬೆರಳು ಮುಟ್ಟಿದರೆ ಇ, ನಡುಬೆರಳು ಐ, ಉಂಗುರಬೆರಳು ಒ, ಕಿರುಬೆರಳು ಯು. ವ್ಯಂಜನಗಳಿಗೆ ಎರಡೂ ಕೈ ಸೇರಿ ಅಕ್ಷರದ ಆಕಾರವನ್ನೇ ಹೆಚ್ಚುಕಡಿಮೆ ಕಟ್ಟುತ್ತವೆ. ಅಮೆರಿಕದಲ್ಲಿ ನಡೆಯೋದು ಫ್ರಾನ್ಸಿನಿಂದ ಬಂದ ಒಂಟಿ ಕೈ ಪದ್ಧತಿ. ಅದರ ಬೇರು ಹುಡುಕಿಕೊಂಡು ಹೋದರೆ ಸ್ಪೇನಿನಲ್ಲಿ ಹುವಾನ್ ಪಾಬ್ಲೋ ಬೋನೆಟ್ 1620ರಲ್ಲಿ ಅಚ್ಚು ಹಾಕಿಸಿದ ಕೈಚಿತ್ರಗಳವರೆಗೆ ಹೋಗುತ್ತದೆ. ನಮ್ಮ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರೋದು ಬ್ರಿಟನ್ ಮೂಲದ ಎರಡು ಕೈಗಳದ್ದೇ. ಅಂದ್ರೆ ಎಡಿನ್‌ಬರೋದ ಆ ಹುಡುಗ ಅಮ್ಮನಿಗೆ ಸ್ವರ ತೋರಿಸುತ್ತಿದ್ದ ಐದು ಬೆರಳ ತುದಿಗಳೂ, ಇವತ್ತು ಬೆಂಗಳೂರಿನ ಕಿವುಡ ಹುಡುಗಿ ತನ್ನ ಹೆಸರು ಕಾಗುಣಿಸುವಾಗ ಮುಟ್ಟುವ ಬೆರಳ ತುದಿಗಳೂ ಒಂದೇ ವಂಶದವು.

ಅಪ್ಪನ ಬಳಿ ಇನ್ನೊಂದು ಅಕ್ಷರಮಾಲೆ ಇತ್ತು. 1867ರಲ್ಲಿ ಮೆಲ್ವಿಲ್ ಬೆಲ್ ಪ್ರಕಟಿಸಿದ ಅದರ ಹೆಸರು ಕಾಣುವ ಮಾತು ಅಂತ. ನಾಲಿಗೆ ಎಲ್ಲಿ ಇರಬೇಕು, ತುಟಿ ಹೇಗಿರಬೇಕು, ಗಂಟಲು ನಡುಗಬೇಕೋ ಬೇಡವೋ ಅನ್ನೋದನ್ನೆಲ್ಲ ಚಿಹ್ನೆಗಳಲ್ಲಿ ಬರೆಯುವ ಪದ್ಧತಿ. ಕನ್ನಡಿಗರಿಗೆ ಇದು ಅರ್ಥವಾಗೋದು ಸುಲಭ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಅಂತ ನಮ್ಮ ವರ್ಣಮಾಲೆ ಜೋಡಿಸಿರೋದೇ ಬಾಯೊಳಗಿನ ಜಾಗದ ಪ್ರಕಾರ. ಮೆಲ್ವಿಲ್ ಒಂದು ಹೆಜ್ಜೆ ಮುಂದೆ ಹೋಗಿ ಅಕ್ಷರದ ಆಕಾರವನ್ನೇ ಬಾಯಿಯ ನಕ್ಷೆ ಮಾಡಿದ. ಪ್ರದರ್ಶನಗಳಲ್ಲಿ ಮಗನನ್ನು ಹೊರಗೆ ಕಳಿಸಿ, ಸಭಿಕರು ಹೇಳಿದ ಯಾವುದೋ ಭಾಷೆಯ ಪದವನ್ನೋ ವಿಚಿತ್ರ ಸದ್ದನ್ನೋ ಬೋರ್ಡಿನ ಮೇಲೆ ಚಿಹ್ನೆಯಲ್ಲಿ ಬರೆಯುತ್ತಿದ್ದ. ಮಗ ಒಳಗೆ ಬಂದು, ಬರೆದದ್ದನ್ನು ನೋಡಿ ಅದೇ ಸದ್ದು ಹೊರಡಿಸುತ್ತಿದ್ದ. ಜನ ಬೆರಗಾಗುತ್ತಿದ್ದರು.

ಹೀಗೆ ಆ ಮನೆಯಲ್ಲಿ ಎರಡು ಅಕ್ಷರಮಾಲೆಗಳು. ಒಂದು ಅಮ್ಮನದು, ಕೈಯದು. ಇನ್ನೊಂದು ಅಪ್ಪನದು, ಬಾಯಿಯದು. ಬೆಲ್ ಬದುಕು ಪೂರ್ತಿ ಈ ಎರಡರ ನಡುವಿನ ಎಳೆದಾಟ ಅಂತ ನನಗೆ ಅನ್ನಿಸುತ್ತೆ. ಗೆದ್ದಿದ್ದು ಅಪ್ಪನದು.

ಅಕ್ಷರ ಬರೆದ ಕೈಗವಸು

1868ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿದ್ದ ಸೂಸನ್ನಾ ಹಲ್ ಅವರ ಪುಟ್ಟ ಶಾಲೆಯಲ್ಲಿ ಬೆಲ್ ಮೊದಲ ಬಾರಿಗೆ ಕಿವುಡ ಮಕ್ಕಳಿಗೆ ಪಾಠ ಮಾಡಿದ. ಅಪ್ಪನ ಚಿಹ್ನೆಗಳನ್ನು ತೋರಿಸಿ ಮಾತು ಹೊರಡಿಸುವುದು ಕೆಲಸ. ಅಷ್ಟರಲ್ಲಿ ಮನೆಯಲ್ಲಿ ಕ್ಷಯ ನುಗ್ಗಿತ್ತು. 1867ರಲ್ಲಿ ತಮ್ಮ ಎಡ್ವರ್ಡ್ ಹೋದ, 1870ರಲ್ಲಿ ಅಣ್ಣ ಮೆಲ್ವಿಲ್ ಹೋದ. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳೋಣ ಅಂತ ಅಪ್ಪ ಅಮ್ಮ ಎಲ್ಲ ಬಿಟ್ಟು ಕೆನಡಾದ ಬ್ರಾಂಟ್‌ಫರ್ಡ್‌ಗೆ ಹಡಗು ಹತ್ತಿದರು. ಮರುವರ್ಷ, 1871ರಲ್ಲಿ, ಬೆಲ್ ಬಾಸ್ಟನ್ನಿನ ಕಿವುಡರ ಶಾಲೆಗೆ ಮೇಷ್ಟ್ರಾಗಿ ಬಂದ. 1873ಕ್ಕೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ. ಜೊತೆಗೆ ಮನೆಪಾಠ.

ಆ ಮನೆಪಾಠದ ಒಬ್ಬ ಹುಡುಗ ಜಾರ್ಜ್ ಸ್ಯಾಂಡರ್ಸ್. ಹುಟ್ಟಿನಿಂದ ಕಿವುಡ, ಸುಮಾರು ಐದು ವರ್ಷ. ಇವನಿಗಾಗಿ ಬೆಲ್ ಮಾಡಿದ ಒಂದು ಉಪಾಯ ನನಗೆ ಟೆಲಿಫೋನಿಗಿಂತ ಹೆಚ್ಚು ಇಷ್ಟ. ಹತ್ತಿಯ ಒಂದು ಕೈಗವಸು ತಗೊಂಡು ಅದರ ಮೇಲೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಬರೆದ. ಒಂದೊಂದು ಬೆರಳ ಗೆಣ್ಣಿಗೆ, ತುದಿಗೆ, ಅಂಗೈಯ ಒಂದೊಂದು ಜಾಗಕ್ಕೆ ಒಂದೊಂದು ಅಕ್ಷರ. ಗೊಂಬೆ ಬೇಕು ಅಂದರೆ ಹುಡುಗ ಗೊಂಬೆಯ ಹೆಸರಿನ ಅಕ್ಷರಗಳನ್ನು ಒಂದಾದ ಮೇಲೊಂದು ತೋರಿಸಬೇಕು. ಆಟದ ಸಾಮಾನಿಗೆಲ್ಲ ಹೆಸರಿನ ಚೀಟಿ ಅಂಟಿಸಿತ್ತು. ಕೆಲವು ದಿನ ಕಳೆದ ಮೇಲೆ ಯಾವ ಅಕ್ಷರ ಎಲ್ಲಿದೆ ಅನ್ನೋದು ಹುಡುಗನ ಕೈಗೇ ಗೊತ್ತಾಯಿತು. ಆಮೇಲೆ ಅವನ ಕೈಯನ್ನು ಸುಮ್ಮನೆ ಮುಟ್ಟುತ್ತಾ ಹೋದರೂ ಸಾಕು, ಮಾತು ದಾಟುತ್ತಿತ್ತು.

ಈ ಉಪಾಯ ಬೆಲ್‌ನ ಸ್ವಂತದ್ದಲ್ಲ. ಸ್ಕಾಟ್ಲೆಂಡಿನವನೇ ಆದ ಜಾರ್ಜ್ ಡಾಲ್ಗಾರ್ನೋ 1680ರಲ್ಲೇ ಇಂಥ ಅಂಗೈ ಅಕ್ಷರಮಾಲೆಯ ಬಗ್ಗೆ ಪುಸ್ತಕ ಬರೆದಿದ್ದ. ಅದು ಅವನದ್ದೇ ಅಂತ ಬೆಲ್ ಒಪ್ಪಿಕೊಂಡೇ ಬಳಸಿದ. ಈ ಪ್ರಯೋಗದಲ್ಲಿ ಒಂದು ದೊಡ್ಡ ಸತ್ಯ ಬೆಲ್‌ಗೆ ಸಿಕ್ಕಿತ್ತು. ಕಿವಿ ಕೇಳದ ಮಗುವಿಗೂ ಭಾಷೆ ಬರುತ್ತದೆ, ಆಟ ಆಡುತ್ತಲೇ ಬರುತ್ತದೆ, ಅದು ಬಾಯಿ ಮೂಲಕವೇ ಬರಬೇಕು ಅಂತೇನಿಲ್ಲ. ಅಲ್ಲೇ ನಿಂತು ಇನ್ನೊಂದು ಹೆಜ್ಜೆ ಯೋಚಿಸಿದ್ದರೆ ಕಥೆ ಬೇರೆ ಆಗುತ್ತಿತ್ತು.

ಸತ್ತವನ ಕಿವಿಯಿಂದ ಟೆಲಿಫೋನಿಗೆ

ಟೆಲಿಫೋನ್ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸ್ತೀನಿ. ಆದರೆ ಅದು ಕಿವುಡರ ಶಾಲೆಯ ಹಿತ್ತಲಲ್ಲೇ ಹುಟ್ಟಿದ್ದು ಅನ್ನೋದನ್ನು ಬಿಡೋ ಹಾಗಿಲ್ಲ. ತನ್ನ ಮಕ್ಕಳು ಉಚ್ಚರಿಸಿದ ಸದ್ದು ಸರಿಯೋ ತಪ್ಪೋ ಅಂತ ಅವರ ಕಣ್ಣಿಗೇ ಕಾಣುವ ಹಾಗೆ ಮಾಡಬೇಕು ಅನ್ನೋದು ಬೆಲ್ ಆಸೆ. ಅದಕ್ಕಾಗಿ 1874ರಲ್ಲಿ, ಬಾಸ್ಟನ್ನಿನ ಕಿವಿ ವೈದ್ಯ ಕ್ಲಾರೆನ್ಸ್ ಬ್ಲೇಕ್ ನೆರವಿನಿಂದ, ಸತ್ತ ಮನುಷ್ಯನೊಬ್ಬನ ಕಿವಿಯ ಭಾಗವನ್ನೇ ತಂದು ಒಂದು ಯಂತ್ರ ಕಟ್ಟಿದ. ಕಿವಿಯೊಳಗಿನ ಸಣ್ಣ ಮೂಳೆಗೆ ಒಂದು ಹುಲ್ಲುಕಡ್ಡಿ ಅಂಟಿಸಿ, ಅದರ ತುದಿ ಮಸಿ ಹಿಡಿದ ಗಾಜಿನ ಮೇಲೆ ತಾಗುವಂತೆ ಇಟ್ಟ. ಕಿವಿಯೊಳಗೆ ಮಾತಾಡಿದರೆ ಗಾಜಿನ ಮೇಲೆ ಅಲೆ ಮೂಡುತ್ತಿತ್ತು. ಕಾಗದಕ್ಕಿಂತ ತೆಳು ತಮಟೆ, ತನಗಿಂತ ಎಷ್ಟೋ ತೂಕದ ಮೂಳೆಗಳನ್ನು ಅಲುಗಿಸುತ್ತದೆ. ಹಾಗಾದರೆ ದೊಡ್ಡ ಪೊರೆಯೊಂದು ಕಬ್ಬಿಣದ ತುಂಡನ್ನು ಯಾಕೆ ಅಲುಗಿಸಬಾರದು, ಆ ಅಲುಗಾಟ ತಂತಿಯಲ್ಲಿ ವಿದ್ಯುತ್ತಾಗಿ ಯಾಕೆ ಹರಿಯಬಾರದು? ಟೆಲಿಫೋನಿನ ಮೂಲ ಆಲೋಚನೆ ಇದು.

ದುಡ್ಡು ಕೊಟ್ಟವರು ಜಾರ್ಜ್‌ನ ಅಪ್ಪ ಥಾಮಸ್ ಸ್ಯಾಂಡರ್ಸ್ ಮತ್ತು ಮೇಬಲ್‌ಳ ಅಪ್ಪ ಗಾರ್ಡಿನರ್ ಹಬರ್ಡ್. 1876ರ ಮಾರ್ಚ್ 7ಕ್ಕೆ ಪೇಟೆಂಟ್ ಸಿಕ್ಕಿತು. ಅದರ ಸಂಖ್ಯೆ 1,74,465. ಮೂರು ದಿನ ಬಿಟ್ಟು ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವ್ಯಾಟ್ಸನ್‌ಗೆ ತಂತಿಯಲ್ಲಿ ಮಾತು ಕೇಳಿಸಿತು. ಬೆಲ್ ಅರ್ಜಿ ಹಾಕಿದ ದಿನವೇ ತಾನೂ ಅರ್ಜಿ ಕೊಟ್ಟಿದ್ದ ಎಲಿಶಾ ಗ್ರೇ ಜೊತೆಗಿನ ಜಗಳ ಇವತ್ತಿಗೂ ಇತಿಹಾಸಕಾರರ ಊಟ. ಜೂನ್‌ನಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಮೂಲೆಯಲ್ಲಿದ್ದ ಬೆಲ್ ಯಂತ್ರದ ಕಡೆ ಎಲ್ಲರ ಕಣ್ಣು ತಿರುಗುವಂತೆ ಮಾಡಿದ್ದು ಬ್ರೆಜಿಲ್‌ನ ಚಕ್ರವರ್ತಿ ಎರಡನೇ ಪೆಡ್ರೋ. ಅವನಿಗೆ ಬೆಲ್ ಪರಿಚಯ ಆಗಿದ್ದೂ ಬಾಸ್ಟನ್ನಿನಲ್ಲಿ, ಕಿವುಡರ ಪಾಠದ ನೆಪದಲ್ಲೇ.

ಮರುವರ್ಷ ಜುಲೈ 11ಕ್ಕೆ ಬೆಲ್ ತನಗಿಂತ ಹತ್ತು ವರ್ಷ ಚಿಕ್ಕವಳಾದ ತನ್ನ ವಿದ್ಯಾರ್ಥಿನಿ ಮೇಬಲ್‌ಳನ್ನು ಮದುವೆಯಾದ. ಕಂಪನಿಯಲ್ಲಿದ್ದ ತನ್ನ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲ ಹೆಂಡತಿಗೆ ಕೊಟ್ಟ. ಮೇಬಲ್‌ಗೆ ಕಿವಿ ಹೋಗಿದ್ದು ಐದನೇ ವರ್ಷದಲ್ಲಿ, ಕೆಂಪುಜ್ವರ ಬಂದು. ತುಟಿ ಓದೋದರಲ್ಲಿ ಆಕೆ ಎಷ್ಟು ಚುರುಕು ಅಂದರೆ ಎದುರಿನವರಿಗೆ ಆಕೆ ಕಿವುಡಿ ಅಂತ ಎಷ್ಟೋ ಸಲ ತಿಳಿಯುತ್ತಲೇ ಇರಲಿಲ್ಲ. ಸಂಜ್ಞೆ ಭಾಷೆಯ ಹತ್ತಿರವೂ ಆಕೆ ಸುಳಿಯಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಬೆಲ್‌ಗೆ ಅತ್ಯಂತ ಹತ್ತಿರದ ಇಬ್ಬರು ಕಿವುಡರು, ತಾಯಿ ಮತ್ತು ಹೆಂಡತಿ, ಇಬ್ಬರೂ ಕಿವಿ ಹೋಗುವ ಮೊದಲೇ ಇಂಗ್ಲಿಷ್ ಕಲಿತಿದ್ದವರು. ಅವರ ಪಾಲಿಗೆ ತುಟಿ ಓದೋದು ಅಂದರೆ ಗೊತ್ತಿರೋ ಭಾಷೆಯನ್ನು ಕಣ್ಣಿಂದ ಹಿಡಿಯೋದು. ಹುಟ್ಟಿನಿಂದ ಏನೂ ಕೇಳದ ಮಗುವಿಗೆ ಹಾಗಲ್ಲ. ಅದಕ್ಕೆ ತುಟಿಯ ಅಲುಗಾಟದಿಂದಲೇ ಭಾಷೆಯನ್ನು ಮೊದಲಿಂದ ಕಟ್ಟಿಕೊಳ್ಳಬೇಕು. ಪ, ಬ, ಮ ಮೂರನ್ನೂ ಕನ್ನಡಿಯ ಮುಂದೆ ಹೇಳಿ ನೋಡಿ, ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಾಣ್ತದಾ? ಮನೆಯೊಳಗಿನ ಇಬ್ಬರನ್ನು ನೋಡಿ ಬೆಲ್ ಲೋಕದ ಎಲ್ಲ ಕಿವುಡ ಮಕ್ಕಳಿಗೂ ನಿಯಮ ಬರೆದ.

1883ರ ಪ್ರಬಂಧ

1880ರಲ್ಲಿ ಫ್ರಾನ್ಸ್ ಸರ್ಕಾರ ಬೆಲ್‌ಗೆ ವೋಲ್ಟಾ ಪ್ರಶಸ್ತಿ ಕೊಟ್ಟಿತು, ಜೊತೆಗೆ 50,000 ಫ್ರಾಂಕ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಭೆ ಸೇರಿ, ಶಾಲೆಗಳಲ್ಲಿ ಸಂಜ್ಞೆ ಬೇಡ, ಬಾಯಿಮಾತು ಮಾತ್ರ ಸಾಕು ಅಂತ ತೀರ್ಮಾನಿಸಿತು. ಸುಮಾರು 160 ಪ್ರತಿನಿಧಿಗಳಲ್ಲಿ ಕಿವುಡ ಒಬ್ಬನೇ ಒಬ್ಬ. ಬೆಲ್ ಆ ಸಭೆಗೆ ಹೋಗಿರಲಿಲ್ಲ. ಆದರೆ ಅಮೆರಿಕದಲ್ಲಿ ಅದೇ ವಾದಕ್ಕೆ ಆತನಿಗಿಂತ ದೊಡ್ಡ ಹೆಸರು, ದೊಡ್ಡ ಥೈಲಿ ಇನ್ನೊಬ್ಬರಿಗೆ ಇರಲಿಲ್ಲ.

1883ರ ನವೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮುಂದೆ ಬೆಲ್ ಒಂದು ಪ್ರಬಂಧ ಓದಿದ. ಮನುಷ್ಯರಲ್ಲಿ ಕಿವುಡರ ಒಂದು ಪ್ರತ್ಯೇಕ ತಳಿಯೇ ಹುಟ್ಟಿಕೊಳ್ಳುತ್ತಿದೆ ಅನ್ನೋದು ಅದರ ತಿರುಳು. ಕಿವುಡ ಮಕ್ಕಳು ಒಂದೇ ಹಾಸ್ಟೆಲ್ಲಿನಲ್ಲಿ ಬೆಳೆಯುತ್ತಾರೆ, ಅವರದೇ ಭಾಷೆ ಕಟ್ಟಿಕೊಳ್ಳುತ್ತಾರೆ, ದೊಡ್ಡವರಾದ ಮೇಲೆ ತಮ್ಮಲ್ಲೇ ಮದುವೆಯಾಗುತ್ತಾರೆ, ಅವರಿಗೆ ಕಿವುಡ ಮಕ್ಕಳೇ ಹುಟ್ಟುತ್ತವೆ ಅನ್ನೋದು ವಾದ. ಶಾಲೆಯ ದಾಖಲೆಗಳಲ್ಲಿ ಒಂದೇ ಮನೆತನದ ಹೆಸರು ಎಷ್ಟು ಸಲ ಬರುತ್ತದೆ ಅಂತ ಲೆಕ್ಕ ಹಾಕಿ ಕೋಷ್ಟಕ ಕೊಟ್ಟಿದ್ದ. ನ್ಯಾಯವಾಗಿ ಹೇಳಬೇಕಂದರೆ, ಕಿವುಡರ ಮದುವೆಗೆ ಕಾನೂನಿನ ನಿಷೇಧ ಹೇರಬೇಕು ಅಂತ ಆತ ಒತ್ತಾಯಿಸಲಿಲ್ಲ. ಅದು ನಡೆಯುವ ಮಾತಲ್ಲ ಅಂದುಕೊಂಡ. ಬದಲಿಗೆ ಆತ ಬೊಟ್ಟು ಮಾಡಿದ್ದು ಮೂರರ ಕಡೆ: ಕಿವುಡರದೇ ವಸತಿ ಶಾಲೆಗಳು, ಸಂಜ್ಞೆ ಭಾಷೆ, ಮತ್ತು ಕಿವುಡ ಶಿಕ್ಷಕರು. ಈ ಮೂರೂ ಹೋದರೆ ಕಿವುಡರು ಉಳಿದವರಲ್ಲಿ ಬೆರೆತುಹೋಗುತ್ತಾರೆ ಅನ್ನೋದು ಲೆಕ್ಕಾಚಾರ.

ಇಂಜಿನಿಯರಿಂಗ್ ಓದಿದವನಾಗಿ ನನಗೆ ಈ ಪ್ರಬಂಧದ ಯೋಚನಾಕ್ರಮ ಚೆನ್ನಾಗಿ ಪರಿಚಯ. ಸಮಸ್ಯೆ ಯಾವುದು ಅಂತ ಮೊದಲೇ ನಿರ್ಧರಿಸಿ ಆಗಿದೆ, ಇನ್ನು ಉಳಿದಿರೋದು ಪರಿಹಾರ ಮಾತ್ರ. ಸಂಕೇತದಲ್ಲಿ ಗದ್ದಲ ಇದೆಯಾ, ಸೋಸಿ ತೆಗಿ. ಬೆಲ್ ಪಾಲಿಗೆ ಸಂಜ್ಞೆ ಭಾಷೆ ಗದ್ದಲ. ಅದು ಗದ್ದಲ ಹೌದೋ ಅಲ್ಲವೋ ಅಂತ ಅದನ್ನೇ ಉಸಿರಾಡುವವರನ್ನು ಕೇಳಲಿಲ್ಲ.

ಲೆಕ್ಕವಾದರೂ ಸರಿ ಇತ್ತಾ? ಮೆಂಡೆಲ್‌ನ ಅನುವಂಶೀಯತೆಯ ನಿಯಮಗಳು ಜಗತ್ತಿನ ಕಣ್ಣಿಗೆ ಬಿದ್ದಿದ್ದೇ 1900ರಲ್ಲಿ. ಅದಕ್ಕೂ ಮೊದಲು, 1898ರಲ್ಲಿ, ಎಡ್ವರ್ಡ್ ಅಲೆನ್ ಫೇ ಎಂಬ ವಿದ್ವಾಂಸ ನಾಲ್ಕು ಸಾವಿರಕ್ಕೂ ಹೆಚ್ಚು ಕಿವುಡರ ಮದುವೆಗಳ ವಿವರ ಸಂಗ್ರಹಿಸಿ ಪುಸ್ತಕ ತಂದ. ಫಲಿತ ಗೊತ್ತಿದ್ದ ಮದುವೆಗಳಲ್ಲಿ ಕಿವುಡ ಮಗು ಹುಟ್ಟಿದ್ದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಆ ಅಧ್ಯಯನಕ್ಕೆ ನೆರವಾಗಿದ್ದು ಬೆಲ್ ತಾನೇ ಕಟ್ಟಿದ ವೋಲ್ಟಾ ಬ್ಯೂರೋ. ಇವತ್ತು ನಮಗೆ ಗೊತ್ತಿರೋದು ಏನಂದರೆ, ಕಿವುಡ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ಅಪ್ಪ ಅಮ್ಮನಿಗೇ ಹುಟ್ಟುತ್ತವೆ. ಆದರೂ ಬೆಲ್ ಆ ದಾರಿ ಬಿಡಲಿಲ್ಲ. 1921ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸುಸಂತಾನಶಾಸ್ತ್ರದ ಎರಡನೇ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಆತ ಗೌರವ ಅಧ್ಯಕ್ಷ.

ಇದೇ ಕಾಲದಲ್ಲಿ ಆತನ ಎದುರು ನಿಂತವನು ಎಡ್ವರ್ಡ್ ಮೈನರ್ ಗ್ಯಾಲೊಡೆಟ್, ವಾಷಿಂಗ್ಟನ್ನಿನ ಕಿವುಡರ ಕಾಲೇಜಿನ ಮುಖ್ಯಸ್ಥ. ಅವನ ತಾಯಿಯೂ ಕಿವುಡಿ. ಆದರೆ ಆಕೆ ಹುಟ್ಟು ಕಿವುಡಿ, ಸಂಜ್ಞೆ ಭಾಷೆಯಲ್ಲೇ ಸಂಸಾರ ನಡೆಸಿದಾಕೆ. ಇಬ್ಬರು ಕಿವುಡ ತಾಯಂದಿರ ಇಬ್ಬರು ಮಕ್ಕಳು ದಶಕಗಟ್ಟಲೆ ಹೊಡೆದಾಡಿದರು. ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ವಿಭಾಗಕ್ಕೆ ಗ್ಯಾಲೊಡೆಟ್ ಸರ್ಕಾರದ ಹಣ ಕೇಳಿದಾಗ, ಅಲ್ಲಿ ಕಿವುಡರೇ ಶಿಕ್ಷಕರಾಗಿ ಹೊರಬರುತ್ತಾರೆ ಅಂತ ಬೆಲ್ ವಿರೋಧಿಸಿದ.

ಅಕ್ಷರ ಬೇರೆ, ಭಾಷೆ ಬೇರೆ

ಇಷ್ಟು ಓದಿದ ಮೇಲೆ ನಿಮಗೊಂದು ಅನುಮಾನ ಬಂದಿರಬೇಕು. ಬೆರಳಕ್ಷರ ಬಲ್ಲವನು, ಕೈಗವಸು ಮಾಡಿದವನು, ಸಂಜ್ಞೆಗೆ ಯಾಕೆ ಅಷ್ಟು ವಿರೋಧ?

ಉತ್ತರ ಸರಳ. ಬೆರಳಕ್ಷರ ಸಂಜ್ಞೆ ಭಾಷೆ ಅಲ್ಲ. ಬೆರಳಕ್ಷರ ಅಂದರೆ ಇಂಗ್ಲಿಷನ್ನೇ ಕೈಯಲ್ಲಿ ಬರೆಯೋದು. ಅಕ್ಷರ ಇಂಗ್ಲಿಷಿನದು, ಪದ ಇಂಗ್ಲಿಷಿನದು, ವಾಕ್ಯ ಇಂಗ್ಲಿಷಿನದು. ಸಂಜ್ಞೆ ಭಾಷೆಗೆ ತನ್ನದೇ ಪದ, ತನ್ನದೇ ವ್ಯಾಕರಣ. ಅಲ್ಲಿ ಕೈಯ ಆಕಾರ, ಕೈ ಇರುವ ಜಾಗ, ಚಲನೆ, ಹುಬ್ಬು ಏರಿಸೋದು, ಮೈ ವಾಲಿಸೋದು ಎಲ್ಲವೂ ಅರ್ಥ ಹೊರುತ್ತವೆ. ಹೆಸರು, ಊರು, ಹೊಸ ಪದ ಬಂದಾಗ ಮಾತ್ರ ಬೆರಳಕ್ಷರದ ಸಹಾಯ ಪಡೆಯುತ್ತಾರೆ. ಬೆಲ್‌ಗೆ ಬೆರಳಕ್ಷರದ ಬಗ್ಗೆ ದೊಡ್ಡ ತಕರಾರಿರಲಿಲ್ಲ, ಯಾಕಂದರೆ ಅದು ಇಂಗ್ಲಿಷ್. ಸಂಜ್ಞೆ ಭಾಷೆ ಆತನಿಗೆ ಪರಭಾಷೆ, ಅಮೆರಿಕದೊಳಗೊಂದು ಬೇರೆ ನಾಡು ಕಟ್ಟುವ ಭಾಷೆ. ಅದನ್ನೂ ಆತ ಬಲ್ಲವನಾಗಿದ್ದ ಅನ್ನೋದು ಇನ್ನೂ ಸಂಕಟದ ವಿಷಯ.

ಹೆಲೆನ್ ಕೆಲರ್ ಕಥೆಯಲ್ಲೂ ಇದು ಕಾಣುತ್ತದೆ. 1886ರಲ್ಲಿ ಆರು ವರ್ಷದ ಹೆಲೆನ್‌ಳನ್ನು ಕರಕೊಂಡು ಅವಳ ಅಪ್ಪ ಬೆಲ್ ಬಳಿ ಬಂದ. ಬಾಸ್ಟನ್ನಿನ ಪರ್ಕಿನ್ಸ್ ಸಂಸ್ಥೆಯ ದಾರಿ ತೋರಿಸಿದ್ದು ಬೆಲ್. ಅಲ್ಲಿಂದ ಬಂದವಳೇ ಆನ್ ಸುಲಿವನ್. ಹೆಲೆನ್‌ಳ ಅಂಗೈಯಲ್ಲಿ ಮೂಡಿದ್ದು ಬೆರಳಕ್ಷರ, ಅಂದರೆ ಇಂಗ್ಲಿಷ್. 1903ರಲ್ಲಿ ಬಂದ ತನ್ನ ಆತ್ಮಕಥೆಯನ್ನು ಆಕೆ ಬೆಲ್‌ಗೆ ಅರ್ಪಿಸಿದಳು. ಆ ಸ್ನೇಹ ನಿಜ, ಬೆಲ್‌ನ ಕರುಣೆಯೂ ನಿಜ. ಒಂದೊಂದು ಮಗುವಿನ ಜೊತೆ ಆತ ಅಪರೂಪದ ಮೇಷ್ಟ್ರು. ಒಂದು ಸಮುದಾಯಕ್ಕೆ ಆತ ಆಗಿದ್ದೇ ಬೇರೆ.

ಪರಿಣಾಮ ಏನಾಯಿತು? 1870ರ ಸುಮಾರಿಗೆ ಅಮೆರಿಕದ ಕಿವುಡರ ಶಾಲೆಗಳಲ್ಲಿ ಹತ್ತರಲ್ಲಿ ನಾಲ್ವರು ಶಿಕ್ಷಕರು ಸ್ವತಃ ಕಿವುಡರು. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಇಬ್ಬರಿಗಿಂತ ಕಡಿಮೆ. ತರಗತಿಯಲ್ಲಿ ಕೈ ಎತ್ತಿದ ಮಕ್ಕಳ ಕೈಗೆ ಏಟು ಬೀಳುತ್ತಿತ್ತು, ಕೈ ಕಟ್ಟಿ ಕೂರಿಸುತ್ತಿದ್ದರು. ಒಂದು ಪದದ ಉಚ್ಚಾರಣೆಗೆ ವಾರಗಟ್ಟಲೆ. ಗಣಿತ, ವಿಜ್ಞಾನ, ಇತಿಹಾಸಕ್ಕೆ ಸಮಯ ಎಲ್ಲಿ? ಹಾಸ್ಟೆಲ್ಲಿನ ಕತ್ತಲಲ್ಲಿ, ಮೈದಾನದ ಮೂಲೆಯಲ್ಲಿ ಮಕ್ಕಳು ಕದ್ದು ಸಂಜ್ಞೆ ಕಲಿತರು. ಭಾಷೆ ಅಳಿದೇ ಹೋಗುತ್ತದೆ ಅನ್ನೋ ಭಯದಲ್ಲಿ ಕಿವುಡರ ರಾಷ್ಟ್ರೀಯ ಸಂಘದ ಜಾರ್ಜ್ ವೆಡಿಟ್ಜ್ 1913ರಲ್ಲಿ ಸಂಜ್ಞೆ ಭಾಷೆಯನ್ನೇ ಸಿನಿಮಾ ರೀಲಿನಲ್ಲಿ ಹಿಡಿದಿಟ್ಟ. ಕಾಗದದಲ್ಲಿ ನಿಲ್ಲದ ಭಾಷೆಗೆ ರೀಲೇ ಕಾಗದ. ಸಂಜ್ಞೆ ಭಾಷೆಯೂ ಪೂರ್ಣ ಭಾಷೆಯೇ ಅಂತ ಭಾಷಾಶಾಸ್ತ್ರದ ಒರೆಗೆ ಹಚ್ಚಿ ತೋರಿಸಿದ ವಿಲಿಯಂ ಸ್ಟೋಕಿಯ ಕೃತಿ ಬರಲು 1960 ಆಗಬೇಕಾಯಿತು. ಮಿಲಾನ್ ತೀರ್ಮಾನ ತಪ್ಪು ಅಂತ ಶಿಕ್ಷಕರ ಅದೇ ಅಂತರರಾಷ್ಟ್ರೀಯ ವೇದಿಕೆ ವಿಷಾದಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ.

ಟೆಲಿಫೋನೂ ಕಿವುಡರಿಗೆ ಬಾಗಿಲು ಮುಚ್ಚಿತು. ಕೆಲಸದ ಕರೆ, ವೈದ್ಯರ ಕರೆ, ಎಲ್ಲ ಫೋನಿಗೆ ಹೋದಷ್ಟೂ ಅವರು ಹೊರಗೇ ಉಳಿದರು. ಆ ತಂತಿಯಲ್ಲಿ ಅಕ್ಷರ ಹರಿಸುವ ಸಾಧನವನ್ನು 1964ರಲ್ಲಿ ಮಾಡಿದ್ದು ರಾಬರ್ಟ್ ವೈಟ್‌ಬ್ರೆಕ್ಟ್, ಸ್ವತಃ ಕಿವುಡನಾದ ಭೌತವಿಜ್ಞಾನಿ.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕಾಟಿಯಾದ ತನ್ನ ಮನೆಯಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಮೌನವಾದವು. ತನ್ನನ್ನು ಬಿಟ್ಟು ಹೋಗಬೇಡ ಅಂತ ಮೇಬಲ್ ಬೇಡಿಕೊಂಡಾಗ, ದನಿ ಅಡಗಿದ್ದ ಆತ ಬೆರಳಲ್ಲೇ ಇಲ್ಲ ಎಂದು ಸನ್ನೆ ಮಾಡಿದ ಅಂತ ಜೀವನಚರಿತ್ರೆಕಾರರು ಬರೆಯುತ್ತಾರೆ.

ಕೈಗವಸು ಮತ್ತೆ ಬಂದಿದೆ

ನಮ್ಮ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ, ಒಂದು ಕೈಗವಸು ಸಿಕ್ಕೇ ಸಿಗುತ್ತದೆ. ಬೆರಳಿಗೊಂದು ಫ್ಲೆಕ್ಸ್ ಸೆನ್ಸರ್, ಮಣಿಕಟ್ಟಿನಲ್ಲೊಂದು ಆರ್ಡುಯಿನೋ, ಪುಟ್ಟ ಸ್ಪೀಕರ್. ಬೆರಳು ಮಡಚಿದರೆ ಅಕ್ಷರ ಗುರುತಿಸಿ ದನಿ ಹೊರಡಿಸುತ್ತದೆ. ಕಿವುಡರ ಸಮಸ್ಯೆಗೆ ಪರಿಹಾರ ಅಂತ ಪಕ್ಕದಲ್ಲಿ ಪೋಸ್ಟರ್. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಇಂಥದ್ದೇ ಕೈಗವಸಿಗೆ ದೊಡ್ಡ ಪ್ರಶಸ್ತಿ ಬಂದಾಗ ಕಿವುಡರೂ ಭಾಷಾಶಾಸ್ತ್ರಜ್ಞರೂ ಕೇಳಿದ್ದು ಒಂದೇ: ಹುಬ್ಬು, ಮುಖ, ಮೈಯ ವಾಲುವಿಕೆ ಎಲ್ಲ ಬಿಟ್ಟರೆ ಅದು ಯಾವ ಭಾಷೆ? ಕಲಿಯುವ ಕಷ್ಟ ಯಾವಾಗಲೂ ಕಿವುಡರ ಕೈಗೇ ಯಾಕೆ? ಪ್ರಾಜೆಕ್ಟ್ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರ ಹುಮ್ಮಸ್ಸು ನಿಜವಾದದ್ದೇ. ಆದರೆ ಒಂದೇ ಒಂದು ದಿನ ಕಿವುಡರ ಶಾಲೆಯಲ್ಲಿ ಕೂತು ಬಂದರೆ ಪ್ರಾಜೆಕ್ಟೇ ಬದಲಾಗುತ್ತದೆ.

ಗೋಡೆಗೆ ಅಂಟಿಸುವ ಚಾರ್ಟಿಗೂ ಇದೇ ಮಾತು. ಇಪ್ಪತ್ತಾರು ಕೈಚಿತ್ರಗಳ ಪಟ ಹಾಕಿ, ಇದೇ ಸಂಜ್ಞೆ ಭಾಷೆ ಅಂತ ಬರೆಯೋದು ಎಲ್ಲೆಡೆ ಕಾಣುತ್ತದೆ. ಅದೂ ಎಷ್ಟೋ ಸಲ ಅಮೆರಿಕದ ಒಂಟಿ ಕೈ ಪಟ. ಪಟ ಹಾಕಿ, ತಪ್ಪಿಲ್ಲ. ಅಕ್ಷರಮಾಲೆ ಒಳ್ಳೆಯ ಹೊಸಿಲು. ಆದರೆ ಅ ಆ ಇ ಈ ಪಟ ಬಾಯಿಪಾಠ ಆದವರಿಗೆ ಕನ್ನಡ ಬಂತು ಅಂತೀವಾ?

ನಮ್ಮಲ್ಲೂ ಬೆಲ್ ನೆರಳು ದೂರದ್ದಲ್ಲ. ಭಾರತದ ಕಿವುಡರ ಶಾಲೆಗಳು ಬಹುಕಾಲ ಬಾಯಿಮಾತಿನ ಪದ್ಧತಿಯನ್ನೇ ನಂಬಿದವು. ಭಾರತೀಯ ಸಂಜ್ಞೆ ಭಾಷೆ ಒಂದು ಭಾಷೆ ಅಂತ ಅಧ್ಯಯನ ಶುರುವಾಗಿದ್ದೇ 1970ರ ದಶಕದಲ್ಲಿ, ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಜೊತೆಗಾರರಿಂದ. ಅವರು ಮಾದರಿ ಸಂಗ್ರಹಿಸಿದ ನಗರಗಳಲ್ಲಿ ಬೆಂಗಳೂರೂ ಒಂದು. ಇಲ್ಲಿನ ಸಂಜ್ಞೆಗಳ ಬಗ್ಗೆ ಪ್ರತ್ಯೇಕ ಪುಸ್ತಕವನ್ನೇ ತಂದರು. ಕೇಂದ್ರ ಸರ್ಕಾರ ಸಂಜ್ಞೆ ಭಾಷೆಗೆಂದೇ ಸಂಶೋಧನೆ ಮತ್ತು ತರಬೇತಿ ಕೇಂದ್ರ ತೆರೆದದ್ದು 2015ರಲ್ಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ತೆಗೆದು ನೋಡಿ. ಸಂಜ್ಞೆ ಭಾಷೆಯಲ್ಲಿ ಅರ್ಹತೆ ಪಡೆದ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ತರಬೇತಿ ಕೊಟ್ಟು ನೇಮಿಸಬೇಕು ಅಂತ ಅದು ಹೇಳುತ್ತದೆ. ಅಂದ್ರೆ 1883ರಲ್ಲಿ ಬೆಲ್ ಯಾವುದನ್ನು ತೆಗೆದುಹಾಕಬೇಕು ಅಂದನೋ, ಅದನ್ನೇ ತುಂಬಬೇಕು ಅಂತ ನಮ್ಮ ಕಾನೂನು. ಕಾಗದದಲ್ಲಿ ಬೆಲ್ ಸೋತಿದ್ದಾನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಗುವಿಗೆ ಕಿವಿ ಕೇಳಲ್ಲ ಅಂತ ತಿಳಿದ ದಿನ ಅಪ್ಪ ಅಮ್ಮನಿಗೆ ಸಿಗೋ ಸಲಹೆ ಯಂತ್ರ, ಆಪರೇಷನ್, ಮಾತಿನ ತರಬೇತಿ. ಅವೆಲ್ಲ ಬೇಕು, ಬೇಡ ಅನ್ನೋಕೆ ನಾನ್ಯಾರು? ಆದರೆ ಅದರ ಜೊತೆಗೇ ಸಂಜ್ಞೆ ಭಾಷೆಯನ್ನೂ ಮನೆಯವರೆಲ್ಲ ಕಲೀರಿ, ಮಗುವನ್ನು ಕಿವುಡ ದೊಡ್ಡವರ ಜೊತೆ ಬೆರೆಯೋಕೆ ಬಿಡಿ ಅಂತ ಹೇಳೋರು ಎಷ್ಟು ಜನ ಇದ್ದಾರೆ? ಒಂದು ಕಲಿತರೆ ಇನ್ನೊಂದು ಬರಲ್ಲ ಅನ್ನೋ ಭಯ ಬೆಲ್ ಕಾಲದ್ದು. ಎರಡು ಭಾಷೆಯಲ್ಲಿ ಬೆಳೆಯೋದು ಈ ನಾಡಿನ ಮಕ್ಕಳಿಗೆ ಹೊಸದೇನಲ್ಲ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಕಿವುಡ ಮಗುವಿಗೆ ಮಾತ್ರ ಯಾಕೆ ಒಂದೇ ಭಾಷೆ, ಅದೂ ಅದಕ್ಕೆ ಕೇಳಿಸದ ಭಾಷೆ?